ಕೆನ್ನೆಯ ಅಕ್ಷರ ಅಳಿಸಿದ ಮೇಲೆ

ನಮ್ಮ ಗೆಳೆಯರಲ್ಲಿ ಒಂದು ಮಾತು ಬಹಳ ವರ್ಷದಿಂದ ಓಡಾಡುತ್ತಿದೆ. ನೊಂದವನು ಹಾಡಿದರೆ ಅದು ಸಿಟ್ಟಿನ ಹಾಡೇ ಆಗಿರಬೇಕು. ಅವನು ಕುಣಿದನೋ, ಕೆಟ್ಟ. ನಕ್ಕನೋ, ಮಾರಿಕೊಂಡ. ಈ ಮಾತನ್ನು ನಾವೂ ಆಡಿದ್ದೇವೆ. ಸಭೆಗಳಲ್ಲಿ ಆಡಿ ಚಪ್ಪಾಳೆ ತಗೊಂಡಿದ್ದೇವೆ. ಈಗ ಅದೇ ಮಾತನ್ನು ಒಂದು ರೆಕಾರ್ಡಿನ ಎದುರಿಗಿಟ್ಟು ತೂಗಿ ನೋಡಬೇಕಾಗಿದೆ.

ಆ ರೆಕಾರ್ಡು 2004ರ ಏಪ್ರಿಲಿನಲ್ಲಿ ಬಂದ 'ಮ್ಯೂಸಿಕಾಲಜಿ'. ಮಾಡಿದವನು ಅಮೆರಿಕದ ಕಪ್ಪು ಗಿಟಾರುಗಾರ ಪ್ರಿನ್ಸ್. ಹತ್ತು ವರ್ಷ ಯಜಮಾನರ ಜೊತೆ ಗುದ್ದಾಡಿ, ಮುಖದ ಮೇಲೆ 'ಗುಲಾಮ' ಅಂತ ಬರಕೊಂಡು ತಿರುಗಿ, ಆಮೇಲೆ ಗಂಭೀರವಾದ ಧರ್ಮದ ಹಾಡುಗಳನ್ನೂ ಮಾತೇ ಇಲ್ಲದ ವಾದ್ಯಸಂಗೀತವನ್ನೂ ಮಾಡಿದ ಮನುಷ್ಯ ಇದ್ದಕ್ಕಿದ್ದಂತೆ ತನ್ನ ಹಳೆಯ ತುಂಟ ಕುಣಿತಕ್ಕೆ ವಾಪಸು ಬಂದ. ಇದು ಸೋಲೋ, ಗೆಲುವೋ? ನಮ್ಮ ಪ್ರಶ್ನೆ ಇಷ್ಟೆ.

ಅಮೆರಿಕದ ಕುಣಿತ ನಮಗ್ಯಾಕೆ ಅಂತ ಕೇಳುವವರಿದ್ದಾರೆ. 1966ರಲ್ಲಿ ಓಕ್ಲೆಂಡಿನ ಕಪ್ಪು ಯುವಕರು ಕಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಯುವಕರು ತಗೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಅಲ್ಲಿಯ ಸಿಟ್ಟನ್ನು ಬರಮಾಡಿಕೊಂಡವರು ನಾವು. ಆ ಸಿಟ್ಟಿನ ಜೊತೆಗೇ ಹುಟ್ಟಿದ ಕುಣಿತವನ್ನು ಮಾತ್ರ ಊರಬಾಗಿಲಲ್ಲೇ ತಡೆದು ನಿಲ್ಲಿಸೋದು ಯಾವ ನ್ಯಾಯ? ಊರಬಾಗಿಲಲ್ಲಿ ತಡೆಸಿಕೊಂಡವರೇ ಈ ಕೆಲಸ ಮಾಡಬಾರದು.

ಮೊದಲು ಮನುಷ್ಯನ ಪರಿಚಯ. ಪ್ರಿನ್ಸ್ ಹುಟ್ಟಿದ್ದು 1958ರಲ್ಲಿ, ಮಿನಿಯಾಪೊಲಿಸ್ ಪಟ್ಟಣದಲ್ಲಿ. ಅಪ್ಪ ಪಿಯಾನೋ ನುಡಿಸುವವನು, ಅವ್ವ ಹಾಡುವವಳು. ಅಪ್ಪ ವೇದಿಕೆಯ ಮೇಲೆ ಇಟ್ಟುಕೊಂಡಿದ್ದ ಹೆಸರನ್ನೇ ಮಗನಿಗೆ ಇಟ್ಟ. ಅಂದರೆ 'ರಾಜಕುಮಾರ' ಅನ್ನೋದು ಮಾರ್ಕೆಟ್ಟಿಗಾಗಿ ಹುಡುಕಿದ ಬಿರುದಲ್ಲ, ಹುಟ್ಟಿನ ಹೆಸರು. ಗುಲಾಮರಾಗಿದ್ದ ಜನರಿಗೆ ಒಡೆಯನ ಮನೆತನದ ಹೆಸರೇ ಹೆಸರಾಗುತ್ತಿದ್ದ ದೇಶದಲ್ಲಿ ಒಬ್ಬ ಬಡ ಪಿಯಾನೋಗಾರ ಮಗನನ್ನು ರಾಜಕುಮಾರ ಅಂತ ಕರೆದ. ತಿಪ್ಪ, ಕೊಳಕ, ಕರಿಯ ಅಂತ ಊರವರು ಕರೆದದ್ದನ್ನೇ ಹಾಜರಿ ಪುಸ್ತಕದಲ್ಲಿ ಹೊತ್ತು ತಿರುಗಿದ ನಮಗೆ ಈ ಹೆಸರಿನ ತೂಕ ಯಾರೂ ಬಿಡಿಸಿ ಹೇಳಬೇಕಾದ್ದಿಲ್ಲ.

1978ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಮೊದಲ ರೆಕಾರ್ಡು ತಂದ. ಅದರ ಮೇಲೆ 27 ವಾದ್ಯಗಳ ಹೆಸರು, ಎಲ್ಲದರ ಮುಂದೆಯೂ ಇವನೊಬ್ಬನೇ. ಅಲ್ಲಿಂದ 1988ರ ತನಕ, ಒಂದು ವರ್ಷ ಬಿಟ್ಟರೆ, ವರ್ಷಕ್ಕೊಂದು ರೆಕಾರ್ಡು. 1980ರ 'ಡರ್ಟಿ ಮೈಂಡ್', 1982ರ '1999', 1984ರ 'ಪರ್ಪಲ್ ರೇನ್', 1987ರ 'ಸೈನ್ ಓ ದ ಟೈಮ್ಸ್'. ಬದುಕಿದ್ದಾಗಲೇ ಹೊರಬಂದ ಸ್ಟುಡಿಯೋ ರೆಕಾರ್ಡುಗಳು ಸುಮಾರು ನಲವತ್ತು. ಹೊರಬರದೆ ಉಗ್ರಾಣದಲ್ಲಿ ಉಳಿದದ್ದು ಬೇರೆ. ಈ ಶುರುವಿನ ವರ್ಷಗಳ ಶೈಲಿಯೇ ನಾವಿಲ್ಲಿ ಹೇಳುತ್ತಿರುವ ಹಳೆಯ ಶೈಲಿ. ಬಿಗಿಯಾದ ತಾಳ. ತಂತಿಯನ್ನು ಪೂರ್ತಿ ಮೊಳಗಲು ಬಿಡದೆ ಎಡಗೈಯಿಂದ ಅದುಮಿ ಚಿಕ್‌ಚಿಕ್ ಅನ್ನಿಸುವ ಗಿಟಾರು. ಕಣ್ಣು ಮಿಟುಕಿಸುವ ಪೋಲಿ ಮಾತು, ಮಧ್ಯೆ ಮಧ್ಯೆ ಕಿರುಚಾಟ, ಕೀಟಲೆ.

ಈ ಹುಡುಗ ಗಿಟಾರು ಹಿಡಿದು ರಾಕ್ ಸಂಗೀತದ ಅಂಗಳಕ್ಕೆ ಬಂದಾಗ ಏನಾಯಿತು? 1981ರ ಅಕ್ಟೋಬರಿನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಾರ್ಯಕ್ರಮಕ್ಕೆ ಮುಂಚೆ ಇವನ ಹಾಡಿತ್ತು. ಜನ ಕೂಗಿದರು, ಕೈಗೆ ಸಿಕ್ಕಿದ್ದನ್ನು ಎಸೆದರು. ಅವನು ಅರ್ಧಕ್ಕೇ ವೇದಿಕೆ ಬಿಟ್ಟು ನಡೆದ. ಇಲ್ಲೊಂದು ಸಂಗತಿ ನೆನಪಿಡಬೇಕು. ರಾಕ್ ಸಂಗೀತ ಹುಟ್ಟಿದ್ದು ಕಪ್ಪು ಜನರ ಕೈಯಲ್ಲಿ. ಸಿಸ್ಟರ್ ರೊಸೆಟ್ಟಾ ಥಾರ್ಪ್, ಚಕ್ ಬೆರಿ, ಲಿಟ್ಲ್ ರಿಚರ್ಡ್, ಬೊ ಡಿಡ್ಲಿ ಇವರೆಲ್ಲ ಹಾಕಿದ ಅಡಿಪಾಯ ಅದು. 1956ರಲ್ಲಿ ಎಲ್ವಿಸ್ ಪ್ರೆಸ್ಲಿಗೆ ಹೆಸರು ತಂದ 'ಹೌಂಡ್ ಡಾಗ್' ಹಾಡನ್ನು ಅದಕ್ಕೂ ಮೂರು ವರ್ಷ ಮುಂಚೆ ಗೆಲ್ಲಿಸಿದ್ದವಳು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಂಗಸು. ಮನೆ ಕಟ್ಟಿದವರ ಮೊಮ್ಮಗ ಒಳಗೆ ಬಂದರೆ 'ನೀನ್ಯಾರು, ಇಲ್ಲಿ ನಿನಗೇನು ಕೆಲಸ' ಅಂತ ಅಟ್ಟಿದ ಕಥೆ ಇದು. ದೇವಸ್ಥಾನದ ಕಲ್ಲು ಹೊತ್ತವರಿಗೆ ಇಂಥ ಕಥೆ ಹೊಸದಲ್ಲ.

ಮುಂದೆ ಜಗಳ ಬಂದದ್ದು ಅವನ ಸಮೃದ್ಧಿಯ ಬಗ್ಗೆಯೇ. ಅವನಿಗೆ ರೆಕಾರ್ಡಿನ ಮೇಲೆ ರೆಕಾರ್ಡು ತರುವ ಹಂಬಲ. ವಾರ್ನರ್ ಕಂಪನಿಗೆ ಅದು ಬೇಡ, ಮಾರುಕಟ್ಟೆ ತುಂಬಿ ಹೋಗುತ್ತದೆ, ನಿಧಾನ ಮಾಡು ಅಂತ. ಬೆಳೆ ಜಾಸ್ತಿಯಾದರೆ ಬೆಲೆ ಬೀಳುತ್ತದೆ ಅನ್ನೋ ಅದೇ ದಲ್ಲಾಳಿ ಲೆಕ್ಕ. ಮಾಡಿದ ಹಾಡಿನ ಮೂಲ ಮುದ್ರಿಕೆಯೂ ಕಂಪನಿಯದೇ. ಅದಕ್ಕೆ ಅವರ ಭಾಷೆಯಲ್ಲಿ 'ಮಾಸ್ಟರ್' ಅಂತಾರೆ, ಒಡೆಯ ಅನ್ನೋದಕ್ಕೂ ಅದೇ ಪದ. ಈ ಎರಡರ್ಥವನ್ನು ಹಿಡಿದುಕೊಂಡೇ ಅವನು ಮಾತಾಡುತ್ತಿದ್ದ: ಒಡೆತನ ನಿನ್ನ ಕೈಯಲ್ಲಿ ಇಲ್ಲದಿದ್ದರೆ ಒಡೆಯನ ಕೈಯಲ್ಲಿ ನೀನಿರುತ್ತೀಯ ಎಂಬರ್ಥದಲ್ಲಿ. 1993ರ ಜೂನ್ 7ರಂದು, ತನ್ನ 35ನೇ ಹುಟ್ಟುಹಬ್ಬದ ದಿನ, ಅವನು ಹೆಸರನ್ನೇ ಬಿಟ್ಟ. ಬಾಯಲ್ಲಿ ಹೇಳಲಾಗದ ಒಂದು ಚಿಹ್ನೆಯನ್ನು ಹೆಸರು ಮಾಡಿಕೊಂಡ. ಆಮೇಲೆ ಕೆನ್ನೆಯ ಮೇಲೆ 'ಗುಲಾಮ' ಎಂಬ ಅಕ್ಷರ ಬಂತು.

ಇಲ್ಲಿ ನಾವು ನಿಷ್ಠುರವಾಗಿ ಮಾತಾಡಬೇಕು. ಅದಕ್ಕೂ ಮುಂಚೆ 1992ರಲ್ಲಿ ಅವನು ರುಜು ಹಾಕಿದ ಕರಾರು ಸುಮಾರು 10 ಕೋಟಿ ಡಾಲರಿನದು ಅಂತ ಪ್ರಚಾರವಾಗಿತ್ತು. ಮುನ್ನೂರು ರೂಪಾಯಿ ಸಾಲಕ್ಕೆ ಮಗನನ್ನು ಗೌಡರ ಕೊಟ್ಟಿಗೆಗೆ ಬಿಟ್ಟ ಅಪ್ಪಂದಿರನ್ನು ಕಂಡವರು ನಾವು. 1976ರಲ್ಲಿ ಜೀತ ರದ್ದಿನ ಕಾಯಿದೆ ಬಂದ ಮೇಲೂ ಜೀತ ಇದ್ದದ್ದನ್ನು ಕಂಡವರು. ಕೋಟ್ಯಧಿಪತಿಯ ಕೆನ್ನೆಯ ಮೇಲಿನ ಆ ಪದ ನಮಗೆ ಮೊದಲು ಚುಚ್ಚಿತು. ಗುಲಾಮನಿಗೆ ತನ್ನ ಕೆನ್ನೆಯ ಮೇಲೆ ತಾನೇ ಬರೆದುಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ, ಒಡೆಯ ಕಾಯಿಸಿದ ಕಬ್ಬಿಣದಲ್ಲಿ ಬರೆಯುತ್ತಿದ್ದ. ಇದನ್ನು ಮರೆತು ಆ ಪದ ಆಡಬಾರದು.

ಆದರೂ ಪೂರ್ತಿ ತಳ್ಳಿಹಾಕೋಕೆ ಮನಸ್ಸು ಬರೋದಿಲ್ಲ. ಮುಂಗಡ ಕೊಡೋದು, ಆ ಮುಂಗಡ ತೀರುವ ತನಕ ದುಡಿಮೆ ಕೊಟ್ಟವನದೇ ಆಗೋದು, ದುಡಿದವನ ಹೆಸರೂ ಕೊಟ್ಟವನ ಪೆಟ್ಟಿಗೆಯಲ್ಲಿ ಇರೋದು. ಜೀತದ ಎಲುಬು ಇದೇ ಅಲ್ಲವೆ? ಮೈಮೇಲೆ ರೇಷ್ಮೆ ಹೊದಿಸಿದರೂ ಎಲುಬು ಬದಲಾಗೋದಿಲ್ಲ. ಕೋಟಿ ಸಿಕ್ಕಿದ ಇವನಿಗೇ ಈ ಗತಿಯಾದರೆ, ನೂರು ಡಾಲರಿಗೆ ಹಾಡು ಮಾರಿ ಬೀದಿಯಲ್ಲಿ ಸತ್ತ ಮುಂಚಿನ ಕಪ್ಪು ಹಾಡುಗಾರರ ಗತಿ ಏನಿದ್ದಿರಬೇಕು ಅನ್ನೋ ಲೆಕ್ಕವನ್ನು ಆ ಕೆನ್ನೆ ಜಗತ್ತಿಗೆ ತೋರಿಸಿತು. ಅಷ್ಟರ ಮಟ್ಟಿಗೆ ಅದು ಬರೀ ನಾಟಕ ಅಲ್ಲ.

1996ರಲ್ಲಿ ವಾರ್ನರ್ ಹಂಗು ತೀರಿತು. ಆ ನವೆಂಬರಿನಲ್ಲೇ 'ಇಮ್ಯಾನ್ಸಿಪೇಷನ್' ಬಂತು: ಮೂರು ತಟ್ಟೆ, ತಟ್ಟೆಗೊಂದು ಗಂಟೆ, 36 ಹಾಡು. ಬಿಡುಗಡೆ ಅಂತ ಹೆಸರಿಟ್ಟು, ಹಗ್ಗ ಬಿಚ್ಚಿದ ಹೋರಿಯಂತೆ ಹೊಲವೆಲ್ಲ ಓಡಿದ ರೆಕಾರ್ಡು ಅದು. ಓಟ ಇದೆ, ಗುರಿ ಕಡಿಮೆ. 2000ದಲ್ಲಿ ಹಳೆಯ ಪ್ರಕಾಶನದ ಕರಾರೂ ಮುಗಿದ ಮೇಲೆ ತನ್ನ ಹೆಸರನ್ನು ವಾಪಸು ತಗೊಂಡ. ಅಷ್ಟೊತ್ತಿಗೆ ಯೆಹೋವನ ಸಾಕ್ಷಿಗಳು ಎಂಬ ಪಂಥದ ಕಡೆ ವಾಲಿದ್ದ. 2001ರ 'ದ ರೇನ್‌ಬೋ ಚಿಲ್ಡ್ರನ್' ಆ ಭಕ್ತಿಯ ಫಲ. ಅದರಲ್ಲಿ ಜಾಜ್ ಸಂಗೀತದ ಒಳ್ಳೆಯ ಕಸುಬು ಇದೆ. ಆದರೆ ಹಾಡು ಹಾಡಿನ ನಡುವೆ ದಪ್ಪ ದನಿಯೊಂದು ಪುರಾಣ ಹೇಳುತ್ತಾ ಹೋಗುತ್ತದೆ. ಪ್ರವಚನ ಕೇಳಿ ಕೇಳಿ ಬೆನ್ನು ಬಾಗಿದವರು ನಾವು. ಆ ದನಿ ಯಾವ ಭಾಷೆಯಲ್ಲಿ ಬಂದರೂ ನಮಗೆ ಗುರುತು ಸಿಗುತ್ತದೆ. 2003ರ 'ಎನ್.ಇ.ಡಬ್ಲ್ಯು.ಎಸ್.' ಇನ್ನೂ ದೂರ: ಹದಿನಾಲ್ಕು ಹದಿನಾಲ್ಕು ನಿಮಿಷದ ನಾಲ್ಕು ತುಣುಕು, ಒಂದು ಮಾತಿಲ್ಲ. ಕಸುಬುದಾರರು ತಲೆದೂಗಿದರು. ಕೇರಿಯ ಹುಡುಗರು ಕುಣಿಯಲಿಲ್ಲ.

ಆಮೇಲೆ ಬಂತು 'ಮ್ಯೂಸಿಕಾಲಜಿ'. ಹನ್ನೆರಡು ಹಾಡು. ಶೀರ್ಷಿಕೆಯ ಹಾಡು ಶುರುವಾದ ಕೂಡಲೆ ತಿಳಿಯುತ್ತದೆ, ಆಸಾಮಿ ಮನೆಗೆ ಬಂದಿದ್ದಾನೆ ಅಂತ. ಡ್ರಮ್ಮು, ಬೇಸು, ಅದುಮಿ ಹಿಡಿದ ಗಿಟಾರು, ಕಹಳೆ. ಎಲ್ಲ ಸೇರಿ ಜೇಮ್ಸ್ ಬ್ರೌನ್ ಹೇಳಿಕೊಟ್ಟ ಒಂದೇ ಪಾಠವನ್ನು ಒಪ್ಪಿಸುತ್ತವೆ: ತಾಳದ ಮೊದಲ ಪೆಟ್ಟು ಗಟ್ಟಿಯಾಗಿ ಬೀಳಲಿ, ಉಳಿದದ್ದು ಅದರ ಸುತ್ತ ಆಡಿಕೊಳ್ಳಲಿ. ತಮಟೆ ಹಿಡಿದ ಕೈಗೆ ಈ ಪಾಠ ಬೇರೆ ಬೇಕಾಗಿಲ್ಲ. ಗಿಟಾರು ಇಲ್ಲಿ ಎದ್ದು ನಿಂತು ಭಾಷಣ ಮಾಡೋದಿಲ್ಲ. ಸಾಲಿನ ನಡುವೆ ಸಿಗುವ ಸಂದಿಯಲ್ಲಿ ಒಂದು ಚಿಟಿಕೆ, ಒಂದು ಕೆಮ್ಮು, ಒಂದು ನಗು. ಜೇಮ್ಸ್ ಬ್ರೌನ್, ಸ್ಲೈ ಮೊದಲಾದ ಹಿರಿಯರ ಹೆಸರು ಹೇಳಿ ನೆನೆಯುತ್ತಾನೆ. ಹಾಡಿನ ಕೊನೆಗೆ ಯಾರೋ ರೇಡಿಯೋ ತಿರುಗಿಸಿದ ಹಾಗೆ ಅವನದೇ ಹಳೆಯ ಹಾಡುಗಳ ಚೂರುಗಳು ಬಂದು ಹೋಗುತ್ತವೆ. ವಾಪಸು ಬಂದಿದ್ದೇನೆ ಅನ್ನೋದನ್ನು ಅವನು ಮುಚ್ಚಿಡುವುದಿಲ್ಲ, ಅದನ್ನೇ ತಮಾಷೆ ಮಾಡುತ್ತಾನೆ.

'ಲೈಫ್ ಓ ದ ಪಾರ್ಟಿ' ಹೆಸರಿಗೆ ತಕ್ಕ ಹಬ್ಬ. 'ಆನ್ ದ ಕೌಚ್' ಹಾಡಿನಲ್ಲಿ ಹೆಂಡತಿಯ ಸಿಟ್ಟಿಗೆ ಗುರಿಯಾದ ಗಂಡ, ಹಾಸಿಗೆ ಬಿಟ್ಟು ಸೋಫಾ ಮೇಲೆ ಮಲಗಿಸಬೇಡ ಅಂತ ಚರ್ಚಿನ ಧಾಟಿಯಲ್ಲಿ ಗೋಗರೆಯುತ್ತಾನೆ. ಎರಡು ವರ್ಷ ಮುಂಚೆ ಪುರಾಣ ಹೇಳುತ್ತಿದ್ದ ಬಾಯಿ ಇದೇನಾ ಅನ್ನಿಸುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಹಿಂದಿನ ಪೋಲಿತನ ಇಲ್ಲ. ನಂಬಿಕೆಗೆ ಕಟ್ಟುಬಿದ್ದು ಅಶ್ಲೀಲವನ್ನು ಬಿಟ್ಟಿದ್ದಾನೆ, ಆಟವನ್ನು ಬಿಟ್ಟಿಲ್ಲ. ಹಾಗಾಗಿ ಇದು ಹಳೆಯದರ ನಕಲು ಅಲ್ಲ. ಇಪ್ಪತ್ತೆರಡರ ಹುಡುಗನ ಕುಣಿತವನ್ನು ನಲವತ್ತೈದು ದಾಟಿದ ಗಂಡಸು ಮತ್ತೆ ಕುಣಿದಾಗ ಹೆಜ್ಜೆ ಅದೇ ಇದ್ದರೂ ಮಂಡಿ ಬೇರೆ.

ಸಿಟ್ಟು ಎಲ್ಲಿ ಹೋಯಿತು ಅಂತೀರೋ? ಅದೂ ಇಲ್ಲೇ ಇದೆ. 'ಸಿನಮನ್ ಗರ್ಲ್' ಕೇಳೋಕೆ ಹಗುರವಾದ ಗಿಟಾರಿನ ಹಾಡು. ಒಳಗಿರೋದು 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕದಲ್ಲಿ ಮೈಬಣ್ಣದಿಂದಲೇ ಅನುಮಾನಕ್ಕೆ ಗುರಿಯಾದ ಒಬ್ಬ ಹುಡುಗಿ. 'ಡಿಯರ್ ಮಿಸ್ಟರ್ ಮ್ಯಾನ್' ದೊರೆಗಳಿಗೆ ಬರೆದ ಅರ್ಜಿ. ಒಂದು ಕೈಯಲ್ಲಿ ಬೈಬಲ್ಲು, ಇನ್ನೊಂದು ಕೈಯಲ್ಲಿ ಸಂವಿಧಾನದ 14ನೇ ತಿದ್ದುಪಡಿ ಹಿಡಿದು, ಇಲ್ಲಿ ಬರೆದದ್ದು ನಮಗೆ ಯಾಕೆ ಸಿಕ್ಕಿಲ್ಲ ಅಂತ ಕೇಳುತ್ತಾನೆ. ಗುಲಾಮಗಿರಿ ಹೋದ ಮೇಲೆ 1868ರಲ್ಲಿ ಬಂದ ತಿದ್ದುಪಡಿ ಅದು. ಸಂವಿಧಾನ ಎದೆಗವಚಿಕೊಂಡು ತಾಲ್ಲೂಕು ಕಚೇರಿಯ ಮುಂದೆ ಕೂತವರಿಗೆ ಇದರ ಧಾಟಿ ಗೊತ್ತು. ವಿಶೇಷ ಏನಂದರೆ, ಈ ಅರ್ಜಿಯ ಹಾಡಿಗೂ ಕಾಲು ತಾನಾಗೇ ತಾಳ ಹಾಕುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಕುಣಿತ ಶರಣಾಗತಿಯೆ? ಇದಕ್ಕೆ ಉತ್ತರ ಒಂದೇ ಅಲ್ಲ, ಎರಡು. ಗುಲಾಮರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿದ ಹಡಗುಗಳ ಮೇಲೆ ಸರಕು ಕೆಡದಿರಲಿ ಅಂತ ಚಾಟಿ ಬೀಸಿ ಜನರನ್ನು ಕುಣಿಸುತ್ತಿದ್ದರು. ಮುಂದೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಹಲ್ಲುಕಿರಿಯುವ ಕಪ್ಪು ಮನುಷ್ಯನ ವೇಷ ಹಾಕಿ ದುಡ್ಡು ಮಾಡಿದರು. ಇದು ಒಂದು ನಗು. ಒಡೆಯನ ಅಂಗಳದಲ್ಲಿ, ಒಡೆಯನಿಗಾಗಿ. ಇನ್ನೊಂದು ಇದೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ದಂಡೆಯಲ್ಲಿ ಗುಲಾಮರು ದಂಗೆ ಎದ್ದಾಗ ಡೋಲು ಬಡಿದುಕೊಂಡು, ಕುಣಿದುಕೊಂಡು ನಡೆದರು. ಮರುವರ್ಷವೇ ಒಡೆಯರು ಕಾನೂನು ಮಾಡಿ ಗುಲಾಮರ ಕೈಯಿಂದ ಡೋಲು ಕಿತ್ತರು. ಬರೀ ಮನರಂಜನೆ ಆಗಿದ್ದರೆ ಕಾನೂನು ಯಾಕೆ ಬೇಕಿತ್ತು? ಡೋಲು ಹೋಯಿತು, ತೊಡೆ ತಟ್ಟಿದರು, ನೆಲ ತುಳಿದರು. ತಾಳ ಸಾಯಲಿಲ್ಲ. 1968ರಲ್ಲಿ ಜೇಮ್ಸ್ ಬ್ರೌನ್ ಕಪ್ಪು ಬಣ್ಣದ ಹೆಮ್ಮೆಯನ್ನು ಜೋರಾಗಿ ಹೇಳಿ ಅಂತ ಕೂಗಿದ್ದು ಭಾಷಣದಲ್ಲಿ ಅಲ್ಲ, ಕುಣಿಯುವ ಹಾಡಿನಲ್ಲಿ.

ನಮ್ಮ ತಮಟೆಯ ಕಥೆಯೂ ಇದೇ. ಊರ ಜಾತ್ರೆಗೆ, ಊರ ಹೆಣಕ್ಕೆ ಬಿಟ್ಟಿ ಚಾಕರಿಯಾಗಿ ಬಡಿದ ತಮಟೆ ಅದು. ಬಡಿಯೋಲ್ಲ ಅಂದ ಕೇರಿಗಳಿಗೆ ಬಹಿಷ್ಕಾರ ಬಿದ್ದದ್ದುಂಟು. ಅದೇ ತಮಟೆಯನ್ನು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಯಲ್ಲಿ ಬಡಿದಾಗ ಚರ್ಮ ಅದೇ, ಕಡ್ಡಿ ಅದೇ, ಪೆಟ್ಟೂ ಅದೇ. ಬದಲಾದದ್ದು ಯಾರು ಹೇಳಿದ್ದಕ್ಕೆ ಬಡಿದೆವು ಅನ್ನೋದೊಂದೆ. ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ಕೊಟ್ಟರು, ಬಹಳ ವರ್ಷದ ಮೇಲೆ 'ಊರುಕೇರಿ' ಬರೆದರು. ಮೊದಲನೆಯದರಲ್ಲಿ ಬೆಂಕಿ. ಎರಡನೆಯದನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಕ್ಕ ಮೇಲೆ ತಪ್ಪು ಮಾಡಿದವರ ಹಾಗೆ ಅತ್ತ ಇತ್ತ ನೋಡಿದೆವು. ನೋಡಬೇಕಾಗಿರಲಿಲ್ಲ. ನೋವು ತಿಂದವನು ತನ್ನ ನೋವಿನ ಮೇಲೇ ಕೂತು ನಕ್ಕರೆ ಆ ನೋವು ಅವನನ್ನು ಆಳುತ್ತಿಲ್ಲ ಅಂತಲೇ ಅರ್ಥ.

ಹಾಗಾಗಿ ನಮ್ಮ ತೀರ್ಮಾನ ಇದು. 'ಮ್ಯೂಸಿಕಾಲಜಿ'ಯಲ್ಲಿ ಪ್ರಿನ್ಸ್ ಹಳೆಯ ಆಟಕ್ಕೆ ವಾಪಸು ಬಂದ, ಹಳೆಯ ಯಜಮಾನನ ಬಳಿಗೆ ಬರಲಿಲ್ಲ. ಈ ಸಲ ಕೊಲಂಬಿಯಾ ಕಂಪನಿ ರೆಕಾರ್ಡನ್ನು ಅಂಗಡಿಗಳಿಗೆ ಮುಟ್ಟಿಸಿತು ಅಷ್ಟೆ, ಮೂಲ ಮುದ್ರಿಕೆ ಅವನದೇ. ಪ್ರವಾಸದಲ್ಲಿ ಟಿಕೆಟ್ಟು ಕೊಂಡವರ ಕೈಗೆಲ್ಲ ತಟ್ಟೆಯನ್ನೂ ಇಟ್ಟ. ಅದೆಲ್ಲ ಮಾರಾಟದ ಲೆಕ್ಕಕ್ಕೆ ಸೇರಿ, ಪಟ್ಟಿ ತಯಾರಿಸುವ ಬಿಲ್‌ಬೋರ್ಡ್ ಪತ್ರಿಕೆ ಆಮೇಲೆ ತನ್ನ ನಿಯಮವನ್ನೇ ತಿದ್ದಬೇಕಾಯಿತು. ಒಡೆಯರ ಲೆಕ್ಕದ ಪುಸ್ತಕವನ್ನೇ ಗೊಂದಲಕ್ಕೆ ಕೆಡವಿದ ತುಂಟತನವೂ ಆಟದ ಒಂದು ಭಾಗವೇ.

ಆ ವರ್ಷದ ಮಾರ್ಚ್ 15ರ ರಾತ್ರಿಯನ್ನು ಇಲ್ಲಿ ಹೇಳಲೇಬೇಕು. ನ್ಯೂಯಾರ್ಕಿನಲ್ಲಿ ರಾಕ್ ಸಂಗೀತದ ಗೌರವ ಮಂದಿರಕ್ಕೆ ಪ್ರಿನ್ಸ್‌ನನ್ನು ಸೇರಿಸಿದರು. ಅದೇ ರಾತ್ರಿ ತೀರಿಹೋದ ಜಾರ್ಜ್ ಹ್ಯಾರಿಸನ್ ಗೌರವಕ್ಕೆ ಅವನದೇ ಹಾಡೊಂದನ್ನು ಹಿರಿಯ ಬಿಳಿಯ ಗಾಯಕರು ಹಾಡಿದರು. ಪ್ರಿನ್ಸ್ ಪಕ್ಕದಲ್ಲಿ ನಿಂತಿದ್ದ, ಕೆಂಪು ಟೋಪಿ ಹಾಕಿಕೊಂಡು. ಕೈಯಲ್ಲಿ ಜಪಾನಿನಲ್ಲಿ ತಯಾರಾದ, ಹೆಸರಾಂತ ಗಿಟಾರಿನ ನಕಲು ಮಾದರಿಯ ಹಳೆಯ ಗಿಟಾರು. ಕೊನೆಯಲ್ಲಿ ಅವನ ಸರದಿ ಬಂತು. ಮೂರು ನಿಮಿಷ ತಂತಿಯನ್ನು ಅಳಿಸಿದ, ನಗಿಸಿದ. ನುಡಿಸುತ್ತಲೇ ಹಿಮ್ಮುಖವಾಗಿ ವೇದಿಕೆಯಿಂದ ಬಿದ್ದ, ಕೆಳಗಿದ್ದವರು ಹಿಡಿದು ಎತ್ತಿದರು. ಸತ್ತವನ ಮಗ ಪಕ್ಕದಲ್ಲಿ ನಿಂತು ತಡೆಯಲಾರದೆ ನಗುತ್ತಿದ್ದ. ಕೊನೆಗೆ ಗಿಟಾರನ್ನು ಮೇಲಕ್ಕೆಸೆದು, ಅದು ಎಲ್ಲಿ ಬಿತ್ತೆಂದು ನೋಡದೆ ನಡೆದುಬಿಟ್ಟ. 1981ರಲ್ಲಿ ಕಸ ಎಸೆದು ಅಟ್ಟಿದ ಅಂಗಳ ಅದು. ಅಲ್ಲಿ ಅವನು ಕಣ್ಣೀರು ಹಾಕಲಿಲ್ಲ, ಮುಷ್ಟಿ ಎತ್ತಲಿಲ್ಲ. ಆಡಿದ, ಹೋದ. ಇದಕ್ಕಿಂತ ದೊಡ್ಡ ಉತ್ತರ ಇನ್ನೇನಿದೆ?

ಹಾಗಂತ ಈ ರೆಕಾರ್ಡಿಗೆ ನಾವು ಆರತಿ ಎತ್ತೋದಿಲ್ಲ. ಕೈಯಿಂದ ವಾದ್ಯ ನುಡಿಸುವವನೇ ನಿಜವಾದ ಸಂಗೀತಗಾರ ಅನ್ನೋ ಹೆಮ್ಮೆ ಇದರುದ್ದಕ್ಕೂ ಇದೆ. ಚಕ್ ಡಿ, ಜಾಮ್ ಮಾಸ್ಟರ್ ಜೇ ಇಂಥ ಹೊಸ ಕಾಲದವರನ್ನೂ ನೆನೆಯುತ್ತಾನೆ, ನಿಜ. ಆದರೆ 1973ರಲ್ಲಿ ಬ್ರಾಂಕ್ಸಿನ ಬಡ ಹುಡುಗರು ಎರಡು ರೆಕಾರ್ಡು ಪ್ಲೇಯರು ಇಟ್ಟುಕೊಂಡು ಹೊಸ ಸಂಗೀತ ಹುಟ್ಟಿಸಿದ್ದು ವಾದ್ಯ ಬೇಡ ಅಂತಲ್ಲ. ವಾದ್ಯ ಕೊಳ್ಳಲು, ಕಲಿಯಲು ದಾರಿ ಇಲ್ಲದ ಕೇರಿಯಲ್ಲಿ ಸಿಕ್ಕಿದ್ದನ್ನೇ ವಾದ್ಯ ಮಾಡಿಕೊಂಡರು. ಕಸುಬಿನ ಹೆಮ್ಮೆ ಒಳ್ಳೆಯದು, ಅದು ಮಡಿಯಾಗಬಾರದು. 'ಇದು ಶುದ್ಧ ಸಂಗೀತ, ಅದು ಅಲ್ಲ' ಅನ್ನೋ ಮಾತು ಎಲ್ಲಿಂದ ಹೊರಟರೂ ಕಡೆಗೆ ಯಾರ ಜಗಲಿಗೆ ಹೋಗಿ ಕೂರುತ್ತದೆ ಅನ್ನೋದು ನಮಗೆ ಗೊತ್ತು.

ಇನ್ನೊಂದು, ಇದಕ್ಕಿಂತ ದೊಡ್ಡದು. ಅವನ ಬಿಡುಗಡೆ ಒಬ್ಬನ ಬಿಡುಗಡೆ. ಒಡೆತನಕ್ಕಾಗಿ ಹೋರಾಡಿ ತಾನೂ ಒಬ್ಬ ಒಡೆಯನಾದ, ಸಂಘ ಕಟ್ಟಲಿಲ್ಲ. 2014ರಲ್ಲಿ ವಾರ್ನರ್ ಜೊತೆಗೇ ಹೊಸ ಕರಾರು ಮಾಡಿ ಹಳೆಯ ಮೂಲ ಮುದ್ರಿಕೆಗಳ ಹಕ್ಕನ್ನು ಪಡೆದ. 2016ರ ಏಪ್ರಿಲ್ 21ರಂದು ತನ್ನ ಪೈಸ್ಲಿ ಪಾರ್ಕ್ ಮನೆಯಲ್ಲಿ, ನೋವಿನ ಔಷಧಿಯ ವಿಷವೇರಿ ಒಬ್ಬನೇ ಸತ್ತ. ಉಯಿಲು ಬರೆದಿರಲಿಲ್ಲ. ಆರು ವರ್ಷ ಕೋರ್ಟು ಕಚೇರಿ ನಡೆದು, 2022ರಲ್ಲಿ ಆಸ್ತಿಯ ದೊಡ್ಡ ಪಾಲು ಮತ್ತೊಂದು ಸಂಗೀತ ಕಂಪನಿಯ ಕೈ ಸೇರಿತು. ಒಬ್ಬನೇ ಗೆದ್ದ ಹೊಲ ಒಬ್ಬನೇ ಸತ್ತಾಗ ಸಾಹುಕಾರನ ಪಾಲಾಗುತ್ತದೆ. ಈ ಪಾಠವನ್ನು ಅವನ ಹಾಡು ಹೇಳಲಿಲ್ಲ, ಸಾವು ಹೇಳಿತು.

ಆದರೂ 2015ರಲ್ಲಿ ಬಾಲ್ಟಿಮೋರಿನಲ್ಲಿ ಫ್ರೆಡ್ಡಿ ಗ್ರೇ ಎಂಬ ಕಪ್ಪು ಯುವಕ ಪೊಲೀಸರ ವಶದಲ್ಲಿ ಗಾಯಗೊಂಡು ಸತ್ತಾಗ, ಆ ಊರ ಹೆಸರಿನಲ್ಲೇ ಹಾಡು ಕಟ್ಟಿ, ಆ ಊರಿಗೇ ಹೋಗಿ ನುಡಿಸಿದವನು ಇವನೇ. ಆ ಹಾಡೂ ಲವಲವಿಕೆಯದು, ಕೈತಟ್ಟಿ ಹಾಡುವಂಥದು. ಹೆಣ ಇಟ್ಟುಕೊಂಡು ಕೈತಟ್ಟಿಸೋದಾ ಅಂದರು ಕೆಲವರು. ಹೆಣದ ಮುಂದೆ ತಮಟೆ ಬಡಿದವರು ನಾವು, ನಮಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಗೆಳೆಯರೆ, ನಮ್ಮ ಮಕ್ಕಳು ಈಗ ಗಿಟಾರು ಹಿಡಿಯುತ್ತಿದ್ದಾರೆ, ತಮಟೆಯ ಜೊತೆ ಸೇರಿಸಿ ಬಾರಿಸುತ್ತಿದ್ದಾರೆ. ಅವರು ಕುಣಿದಾಗಲೆಲ್ಲ 'ಹೋರಾಟ ಎಲ್ಲಿ' ಅಂತ ಕೇಳುವ ಚಾಳಿಯನ್ನು ನಾವು ಬಿಡಬೇಕು. ಕೇಳಬೇಕಾದ್ದು ಬೇರೆ: ಮಗಾ, ಇದು ಯಾರ ಅಂಗಳ? ಯಾರು ಹೇಳಿದ್ದಕ್ಕೆ ಕುಣೀತಿದ್ದೀಯ? ಕುಣಿದದ್ದಕ್ಕೆ ಬಂದ ಕಾಸು ಯಾರ ಪೆಟ್ಟಿಗೆಗೆ ಹೋಯ್ತು? ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ ಜಾಗ ಬಿಡಿ. ಸಾಧ್ಯವಾದರೆ ನೀವೂ ಎರಡು ಹೆಜ್ಜೆ ಹಾಕಿ.